ತೂಗುಮಣೆಯ ಪಾಲು

ಮನೆ, ಇಂಪಾಲಾ ಕಾರು, ಕಲರ್ ಟಿವಿ ಎಲ್ಲವನ್ನೂ ಹೆಂಡತಿ ನಳಿನಿಗೆ ಬಿಟ್ಟುಕೊಟ್ಟು, ಚಂದ್ರಮೌಳಿ ತೂಗುಮಣೆಯೊಂದನ್ನು ಮಾತ್ರ ತನ್ನ ಪಾಲಿಗೆ ಬರೆಸಿಕೊಂಡ. ವಕೀಲರು ಕನ್ನಡಕ ಒರೆಸಿಕೊಂಡು ಅವನನ್ನು ಮತ್ತೊಮ್ಮೆ ನೋಡಿದರು. ಹನ್ನೆರಡು ವರ್ಷ ಸಂಸಾರ ಮಾಡಿದ ಗಂಡಸು ಕೇಳುತ್ತಿರುವುದು ಒಂದು ಹಲಗೆ, ನಾಲ್ಕು ಸರಪಳಿ.

ಅವರಿಗೇನು ಗೊತ್ತು, ಪಾಪ. ಆ ಹಲಗೆ ಮೈಸೂರಿನಿಂದ ಹೊರಟು, ನಾಲ್ಕು ತಿಂಗಳು ಹಡಗಿನಲ್ಲಿ ತೇಲಿ ಅಮೆರಿಕದ ಎಲಿಕಾಟ್ ಸಿಟಿಗೆ ಬಂದಿತ್ತು. ಚಂದ್ರಮೌಳಿ ಪತಂಗಗಳ ಮೇಲೆ ಸಂಶೋಧನೆ ಮಾಡುವವನು. ರಜೆಯ ದಿನ ಊಟ ಮುಗಿಸಿ ಆ ಮಣೆಯ ಮೇಲೆ ಕಾಲು ಇಳಿಬಿಟ್ಟನೆಂದರೆ ಅವನೇ ಪತಂಗವಾಗಿ ಎಲ್ಲೆಲ್ಲೋ ಹಾರಿ ಬರುತ್ತಿದ್ದ. ಕಷ್ಟವೆಂದರೆ ನಳಿನಿಗೂ ಅದೇ ಹುಚ್ಚು. "ಹತ್ತು ನಿಮಿಷ ರೀ" ಎಂದು ಕೂತವಳು ಸಂಜೆಯ ಕಾಫಿಗೇ ಏಳುತ್ತಿದ್ದಳು. ಯಾರ ಸರದಿ ಎಂಬ ಜಗಳ ಮಾತಿಗೆ ಮಾತು ಬೆಳೆದು ವಕೀಲರ ಮೇಜಿನವರೆಗೆ ಬಂದಿತ್ತು.

"ಇದಿನ್ನೂ ಡಿವೋರ್ಸ್ ಅಲ್ಲ, ಬೇರೆ ಇರುವುದಕ್ಕೆ ಒಪ್ಪಂದ ಅಷ್ಟೆ" ಎಂದು ವಕೀಲರು ಹೇಳುತ್ತಿದ್ದರು. ಚಂದ್ರಮೌಳಿಯ ಮನಸ್ಸು ಆಗಲೇ ತೂಗಾಡುತ್ತಿತ್ತು. ಆ ಶುಕ್ರವಾರ ಬೆಳಿಗ್ಗೆ ಇಬ್ಬರೂ ಸಹಿ ಹಾಕಿದರು.

ಮಣೆ ಇಳಿಸಲು ಪಕ್ಕದ ಬೀದಿಯ ಡಾಕ್ಟರ್ ಕೃಷ್ಣಸ್ವಾಮಿ ಕರೆಯದೆಯೇ ಬಂದರು. ಇಳಿಸುವಾಗ ಒಂದು ಸರಪಳಿ ಚಂದ್ರಮೌಳಿಯ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. "ಫ್ರ್ಯಾಕ್ಚರ್ ಏನಿಲ್ಲ ಬಿಡಿ" ಎಂದು ಡಾಕ್ಟರು ಬಗ್ಗಿಯೂ ನೋಡದೆ ಹೇಳಿದರು. ನಳಿನಿ ಮಾತ್ರ ಒಳಗಿನಿಂದ ಐಸ್ ತಂದು ಅವನ ಕೈಗೆ ಕೊಟ್ಟು ಹೋದಳು.

ಹಳೇ ಫೋಕ್ಸ್‌ವ್ಯಾಗನ್ನಿನ ನೆತ್ತಿಗೆ ಹಲಗೆ ಕಟ್ಟಿ, ಅವನು ಕುಂಟುತ್ತ ಬಂದು ಕಾರು ಹತ್ತಿ ಹೊರಟ. ಅಕ್ಟೋಬರಿನ ಮಂಜು ಇನ್ನೂ ಕರಗಿರಲಿಲ್ಲ. ದಾರಿಯುದ್ದಕ್ಕೂ ಕೆಂಪು ಎಲೆಗಳು ನಿಧಾನವಾಗಿ ಹಲಗೆಯ ಮೇಲೆ ಇಳಿದು ಕೂರುತ್ತಿದ್ದವು. ಎಲೆಗಳಿಗೂ ತೂಗುವ ಆಸೆಯೇನೋ ಎಂದುಕೊಂಡು ಅವನು ತಿರುವು ತಪ್ಪಿ, ಮೂರು ಮೈಲಿ ಮುಂದೆ ಹೋಗಿ, ವಾಪಸು ಬಂದ.

ಅವನು ಹಿಡಿದಿದ್ದ ಹೊಸ ಅಪಾರ್ಟ್‌ಮೆಂಟಿನ ಮ್ಯಾನೇಜರ್ ಹಲಗೆಯನ್ನೂ ಸರಪಳಿಯನ್ನೂ ಒಮ್ಮೆ ನೋಡಿ ಆಗದೆಂದು ತಲೆಯಾಡಿಸಿದ. ಸೀಲಿಂಗಿಗೆ ಒಂದು ಮೊಳೆಯನ್ನೂ ಹೊಡೆಯುವಂತಿರಲಿಲ್ಲ. ಚಂದ್ರಮೌಳಿಗೆ ಅಳುವೇ ಬಂತು. ಕೃಷ್ಣಸ್ವಾಮಿಗೆ ಫೋನ್ ಮಾಡಿದ.

"ಅದಕ್ಯಾಕೆ ಯೋಚನೆ? ನಮ್ಮ ಬೇಸ್‌ಮೆಂಟಲ್ಲಿ ದಪ್ಪ ಬೀಮ್ ಇದೆ, ಅಲ್ಲೇ ಹಾಕೋಣ. ಯಾವಾಗ ಬೇಕಾದ್ರೂ ಡ್ರೈವ್ ಮಾಡ್ಕೊಂಡು ಬನ್ನಿ. ಇನ್ಮೇಲೆ ನಿಮ್ಮನ್ನ ಎಬ್ಬಿಸೋರು ಯಾರಿದ್ದಾರೆ?"

ಮಧ್ಯಾಹ್ನದ ಹೊತ್ತಿಗೆ ಮಣೆ ಅಲ್ಲಿ ನೇತಾಡಿತು. ಕೂರಬೇಕೆಂದು ಹೋದವನನ್ನು ಡಾಕ್ಟರ ಹೆಂಡತಿ ಜಾನಕಿ ತಡೆದರು. "ಮೈಯೆಲ್ಲ ಧೂಳು. ಮನೆಗೆ ಹೋಗಿ ಸ್ನಾನ ಮಾಡ್ಕೊಂಡು ಬನ್ನಿ. ನಾನು ಅಷ್ಟರಲ್ಲಿ ಅರಿಶಿನ ಕುಂಕುಮ ಇಟ್ಟಿರ್ತೀನಿ."

ಸ್ನಾನ ಮಾಡಿ, ಇಸ್ತ್ರಿಯ ಪಂಚೆ ಉಟ್ಟು ಬಂದು ಬೇಸ್‌ಮೆಂಟಿನ ಮೆಟ್ಟಿಲಿಳಿದಾಗ ಕಿರ್ರ್, ಕಿರ್ರ್ ಎಂದು ಸದ್ದು ಕೇಳಿತು. ಮಣೆಯ ಮೇಲೆ, ತಲೆತುಂಬ ಹೂ ಮುಡಿದು, ಅರ್ಧ ಕಣ್ಣು ಮುಚ್ಚಿ ನಳಿನಿ ತೂಗಿಕೊಳ್ಳುತ್ತಿದ್ದಳು.

"ಹೊಸ ಜಾಗದಲ್ಲಿ ಮಣೆ ಹಾಕಿದ್ಮೇಲೆ ಮೊದಲು ಮುತ್ತೈದೇನ ಕರೆದು ಕೂರಿಸಬೇಕಲ್ವಾ? ಶುಕ್ರವಾರ ಬೇರೆ," ಎಂದರು ಜಾನಕಿ. "ಎಲ್ರಿಗೂ ಫೋನ್ ಮಾಡ್ದೆ, ಎಲ್ರೂ ಕೆಲಸಕ್ಕೆ ಹೋಗಿದ್ದಾರೆ. ಸಿಕ್ಕಿದ್ದು ನಳಿನಿ ಒಬ್ಬಳೇ."

"ಆದ್ರೆ ನಾವು ಬೆಳಿಗ್ಗೆ ಸೈನ್ ಮಾಡಿ..."

"ಅದು ವಕೀಲರಿಗಾಯ್ತು. ನೀವು ಗುಂಡುಕಲ್ಲಿನ ಹಾಗಿದ್ದೀರಲ್ಲ, ಅವಳು ಮುತ್ತೈದೇನೇ. ರಜಾ ದಿನ ಎಲ್ಲ ಇಲ್ಲಿಗೇ ಬಾ ಅಂದಿದ್ದೀನಿ. ಅಷ್ಟು ದೊಡ್ಡ ಮನೇಲಿ ಒಬ್ಬಳೇ ಏನ್ ಮಾಡ್ತಾಳೆ?"

ನಳಿನಿ ಕಣ್ಣು ತೆರೆಯಲಿಲ್ಲ. "ಹೆಬ್ಬೆರಳು ಹೇಗಿದೆ?" ಎಂದಳು. ಆಮೇಲೆ, "ಹತ್ತು ನಿಮಿಷ ರೀ."

ಚಂದ್ರಮೌಳಿ ಮೂಲೆಯ ಮಡಿಸುವ ಕುರ್ಚಿಯಲ್ಲಿ ಕೂತ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಕಿರ್ರ್ ಸದ್ದಿಗೆ ಕಣ್ಣು ತಾನಾಗಿ ಮುಚ್ಚಿತು. ಕನಸಿನಲ್ಲಿ ಅವನೊಬ್ಬನೇ ಮಣೆಯ ಮೇಲೆ ಕೂತಿದ್ದ. ಮಣೆ ಮಂಜಿನೊಳಗೆ ಮೆಲ್ಲಗೆ ತೂಗುತ್ತಿತ್ತು, ಕೆಂಪು ಎಲೆಗಳು ತೊಡೆಯ ಮೇಲೆ ಉದುರುತ್ತಿದ್ದವು. ಅಷ್ಟರಲ್ಲಿ ಯಾರೋ ಬಂದು ಭುಜ ತಟ್ಟಿ, "ಏಳಿ, ನನ್ನ ಸರದಿ" ಎಂದರು.

ಕನಸಿನಲ್ಲೂ ಅವನು ಎದ್ದು ಜಾಗ ಬಿಟ್ಟ.