ಅಪ್ಪಿಕೊಂಡು ತೆಗೆದ ಅಳತೆ

ಟೇಪಣ್ಣನ ಫೋನು ಆ ಬೆಳಿಗ್ಗೆ ಕಣ್ಣೇ ಬಿಡಲಿಲ್ಲ. ಗುಂಡಿ ಒತ್ತಿದರೆ ಕಂಪನಿಯ ಗುರುತು ಬರುತ್ತಿತ್ತು, ಎರಡು ಸಲ ಮಿನುಗುತ್ತಿತ್ತು, ಮಾಯವಾಗುತ್ತಿತ್ತು. ಅಂಗಡಿಯ ಮೆಟ್ಟಿಲ ಮೇಲೆ ಕೂತು ತಟ್ಟಿದ, ಉಜ್ಜಿದ, ಊದಿದ. ಇದೂ ಒಂದು ನೋಡಿಬಿಡೋಣ ಎಂದು ಇಸ್ತ್ರಿ ಪೆಟ್ಟಿಗೆಯ ಬಿಸಿಗೂ ಹಿಡಿದ. ಊಹೂಂ.

ಟೇಪಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಮೂವತ್ತು ವರ್ಷದಿಂದ ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡಿರುವ ದರ್ಜಿಗೆ ಬೀದಿಯವರು ಕೊಟ್ಟದ್ದು. ಹಿಂದೆ ಅಳತೆಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಆದರೆ ಟೇಪು ಹಿಡಿಯುವುದಕ್ಕೇ ಎರಡು ಕೈ ಬೇಕು, ಬರೆಯುವುದಕ್ಕೆ ಮೂರನೆಯದು ಎಲ್ಲಿಂದ ತರುವುದು? ಫೋನು ಬಂದ ಮೇಲೆ ಅದನ್ನು ಜೇಬಿನಲ್ಲಿ ರೆಕಾರ್ಡಿಗೆ ಹಾಕಿಟ್ಟು, "ಎದೆ ಮೂವತ್ತೆಂಟು, ತೋಳು ಇಪ್ಪತ್ತನಾಲ್ಕು, ಎಡ ಭುಜ ಇಳಿದಿದೆ" ಎಂದು ಬಾಯಲ್ಲೇ ಒಪ್ಪಿಸುವುದನ್ನು ಕಲಿತ. ಪುಸ್ತಕವನ್ನು ಮಷೀನಿನ ಕುಂಟುಕಾಲಿಗೆ ಒತ್ತುಕೊಟ್ಟ.

ಈಗ ಆ ಫೋನಿನಲ್ಲಿ ಬ್ಯಾಂಡ್ ತಂಡದ ಏಳು ಜನರ ಕೋಟಿನ ಅಳತೆ ಇತ್ತು. ಸಂಜೆಯೊಳಗೆ ಬಟ್ಟೆ ಕತ್ತರಿಸಬೇಕು, ಮರುದಿನ ಬೆಳಿಗ್ಗೆ ಬ್ಯಾಂಡ್ ಮೇಷ್ಟ್ರು ತೊಡಿಸಿ ನೋಡಲು ಬರುತ್ತಾರೆ. ಸರಿಹೋದರೆ ಅವರ ಸಂಗೀತ ಶಾಲೆಯ ಅಷ್ಟೂ ಮಕ್ಕಳ ಬಟ್ಟೆ ಇವನಿಗೇ. ವರ್ಷವಿಡೀ ಮಷೀನು ನಿಲ್ಲುವ ಮಾತಿಲ್ಲ. ಮೇಷ್ಟ್ರು ಒಂದೇ ಒಂದು ಮಾತು ಹೇಳಿದ್ದರು. "ಹಿಂದಿನ ದರ್ಜಿ ಎರಡನೇ ಸಲ ಟೇಪು ಹಿಡ್ಕೊಂಡು ಬಂದ. ಮೊದಲನೇ ಸಲ ನಿದ್ದೆ ಮಾಡ್ತಿದ್ಯೇನಪ್ಪಾ ಅಂತ ಕೇಳಿ ಬಟ್ಟೆ ವಾಪಸ್ ತಗೊಂಡೆ. ಅಳತೆ ಒಂದೇ ಸಲ, ತಿಳೀತಾ?"

ಹೆಂಡತಿಯನ್ನು ಕೇಳೋಣವೆಂದರೆ ಅವಳು ಮನೆಯಲ್ಲಿಲ್ಲ. ಇವನು ಏಳುವ ಮೊದಲೇ ತನ್ನ ಅಕ್ಕನ ಮನೆಗೆ ಹೊರಟಿದ್ದಳು. ಫೋನಿನಲ್ಲಿ ಬಣ್ಣಬಣ್ಣದ ಹಣ್ಣು ಜೋಡಿಸುವ ಆಟವೊಂದರಲ್ಲಿ ಮೂರು ವರ್ಷದಿಂದ ಅಕ್ಕ ಮುಂದೆ, ಇವಳು ಹಿಂದೆ. ನಿನ್ನೆ ಸಾವಿರದ ನೂರನೇ ಹಂತ ಮುಟ್ಟಿ ಅಕ್ಕನನ್ನು ಹಿಂದೆ ಹಾಕಿದ್ದಳು. ಇಂಥ ಸುದ್ದಿಯನ್ನು ದೂರದಿಂದ ಹೇಳಿದರೆ ಏನು ಸುಖ? ಅಕ್ಕನ ಮುಖ ನೋಡಿಕೊಂಡೇ ಹೇಳಬೇಕು.

"ಕೊಡಣ್ಣ ಇಲ್ಲಿ," ಎಂದು ಪಕ್ಕದಂಗಡಿಯ ಜೆರಾಕ್ಸ್ ಕೈ ಚಾಚಿದ. ಜೆರಾಕ್ಸ್ ಮಷೀನು ಇಟ್ಟುಕೊಂಡವನು, ಹಾಗಾಗಿ ಜಗತ್ತಿನ ಎಲ್ಲ ಯಂತ್ರಗಳೂ ತನಗೆ ಗೊತ್ತು ಎಂದು ನಂಬಿದವನು. ಪಕ್ಕದ ಎರಡು ಗುಂಡಿಗಳನ್ನು ಒಟ್ಟಿಗೆ ಅದುಮಿ ಹಿಡಿದ. ಕಪ್ಪು ಪರದೆಯ ಮೇಲೆ ಇರುವೆ ಸಾಲಿನಂಥ ಅಕ್ಷರಗಳು ಮೂಡಿದವು.

"ಫ್ಯಾಕ್ಟರಿ ರೀಸೆಟ್ ಮಾಡ್ಬಿಡೋಣ."

"ಹಾಗಂದ್ರೆ?"

"ಫ್ಯಾಕ್ಟರಿಯಿಂದ ಬಂದಾಗ ಹೇಗಿತ್ತೋ ಹಾಗಾಗುತ್ತೆ. ಹೊಚ್ಚ ಹೊಸದು!" ಎಂದು ಒತ್ತಿಯೇಬಿಟ್ಟ. ಒತ್ತಿದ ಮೇಲೆ ಕೇಳಿದ, "ಒಳಗಡೆ ಮುಖ್ಯವಾದ್ದು ಏನೂ ಇರ್ಲಿಲ್ಲ ತಾನೆ?"

ಟೇಪಣ್ಣ ಫೋನು ಕಿತ್ತುಕೊಂಡ. ಹತ್ತು ನಿಮಿಷದಲ್ಲಿ ಫೋನು ಥಳಥಳ ಎದ್ದು ಕೂತಿತು. ಒಳಗೆ ಒಂದು ಫೋಟೋ ಇಲ್ಲ, ಒಂದು ಹೆಸರಿಲ್ಲ, ಅಳತೆಯ ಸುಳಿವೂ ಇಲ್ಲ.

"ಅಯ್ಯೋ ಪಾಪಿ, ನನ್ನ ಹೊಟ್ಟೆ ಮೇಲೆ ಹೊಡೆದ್ಯಲ್ಲೋ!"

"ಫೋನ್ ಸರಿಯಾಯ್ತೋ ಇಲ್ವೋ, ಅದನ್ನ ಹೇಳು," ಎಂದ ಜೆರಾಕ್ಸ್, ಮುಖ ಊದಿಸಿಕೊಂಡು.

ಅಷ್ಟರಲ್ಲೇ ಫೋನು ಬಡಿದುಕೊಂಡಿತು. ಹೆಸರಿಲ್ಲ, ಬರೀ ನಂಬರು. ಎಲ್ಲೋ ನೋಡಿದ ನಂಬರು, ದಿನಾ ನೋಡುವಂಥದ್ದು, ಆದರೆ ಯಾರದೆಂದು ನೆನಪಿಗೆ ಬರಲೊಲ್ಲದು. ಮೇಷ್ಟ್ರದೇ ಇರಬೇಕು ಎಂದು ಹೆದರಿ ಕಟ್ ಮಾಡಿದ. ಮತ್ತೆ ಬಂತು. ಮತ್ತೆ ಕಟ್ ಮಾಡಿದ.

ಗಲಾಟೆ ಕೇಳಿ ಎದುರಿನ ಕ್ಷೌರದಂಗಡಿಯಿಂದ ಕಟಿಂಗ್ ಮಾಮ ಬಂದ. ಅರ್ಧ ಗಡ್ಡ ಹೆರೆಸಿಕೊಂಡ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು, ನಡೆದದ್ದನ್ನೆಲ್ಲ ಕೇಳಿ, ಗಲ್ಲ ಕೆರೆದುಕೊಂಡ.

"ಟೇಪು ತಗೊಂಡು ಹೋಗ್ಬಾರ್ದು, ಅಷ್ಟೇ ತಾನೆ? ಅಪ್ಪಿಕೋ. ಅಪ್ಪಿಕೊಂಡ್ರೆ ಬೇಡ ಅನ್ನೋರು ಯಾರು? ನನ್ನನ್ನೇ ಅಪ್ಪಿ ನೋಡು."

ಟೇಪಣ್ಣ ಅಪ್ಪಿದ. ಮಾಮನ ಬೆನ್ನ ಹಿಂದೆ ತನ್ನ ಕೈಗಳು ಎಲ್ಲಿಯವರೆಗೆ ಬಂದವು ಎಂದು ಗುರುತಿಟ್ಟುಕೊಂಡು, ಆಮೇಲೆ ಟೇಪು ಹಿಡಿದು ತಾಳೆ ನೋಡಿದ. ಜೆರಾಕ್ಸನ್ನೂ ಅಪ್ಪಿದ, ಸಿಟ್ಟಿಗೆ ಸ್ವಲ್ಪ ಬಿಗಿಯಾಗಿಯೇ. ಲೆಕ್ಕ ಸಿಕ್ಕಿತು. ಬೆರಳಿಗೆ ಬೆರಳು ತಾಗಿದರೆ ನಲವತ್ತೆಂಟು ಇಂಚು, ಮಣಿಕಟ್ಟು ದಾಟಿದರೆ ನಲವತ್ತು. ಭುಜ ಗೇಣಿನಲ್ಲಿ, ತೋಳು ಕೈಕುಲುಕುವ ನೆಪದಲ್ಲಿ.

ಬ್ಯಾಂಡಿನವರ ಅಭ್ಯಾಸದ ಕೋಣೆಯಲ್ಲಿ ಏಳು ಜನರೂ ಕೂತಿದ್ದರು, ಮೇಷ್ಟ್ರೂ ಸೇರಿ. ಬಾಗಿಲಲ್ಲೇ ಟೇಪಣ್ಣ ಕಣ್ಣೊರೆಸಿಕೊಂಡ. "ಎಂಥಾ ಸಂಗೀತ ಮೇಷ್ಟ್ರೇ! ಮೈಯೆಲ್ಲ ಜುಮ್ಮಂತು."

"ನಾವಿನ್ನೂ ಶುರು ಮಾಡಿಲ್ಲ," ಎಂದರು ಮೇಷ್ಟ್ರು.

ಮಾತು ಮುಗಿಯುವ ಮೊದಲೇ ಅವರನ್ನು ತಬ್ಬಿಕೊಂಡಿದ್ದ. ಮೇಷ್ಟ್ರು ಬಿದಿರು ಕೋಲಿನ ಹಾಗೆ ಸೆಟೆದು ನಿಂತರು. ಮೂವತ್ತೆಂಟು. ಆಮೇಲೆ ಕೊಳಲಿನವನು, ತಾಳದವನು, ತುತ್ತೂರಿಯ ಮೂವರು. ತಾಳದವನು ಟೇಪಣ್ಣನ ಹೆಗಲ ಮೇಲೆ ತಲೆಯಿಟ್ಟು ನಿಜವಾಗಿ ಅತ್ತುಬಿಟ್ಟ. "ಹನ್ನೆರಡು ವರ್ಷದಿಂದ ಬಾರಿಸ್ತಿದೀನಿ ಅಣ್ಣ, ಒಬ್ಬರೂ ಭೇಷ್ ಅಂದಿಲ್ಲ!" ಅವನು ಬಿಕ್ಕಿದಾಗಲೆಲ್ಲ ಎದೆ ಎರಡಿಂಚು ಹಿಗ್ಗಿ ಕುಗ್ಗುತ್ತಿತ್ತು. ಟೇಪಣ್ಣ ಸರಾಸರಿ ತೆಗೆದ.

ಕೊನೆಗೆ ಡೋಲಿನವನು. ಕೊರಳಿಗೆ ಡೋಲು ಕಟ್ಟಿಕೊಂಡೇ ತೋಳು ಚಾಚಿ ಬಂದ.

"ಡೋಲು ಇಳಿಸಪ್ಪಾ, ಪ್ರೀತಿಗೆ ಅಡ್ಡ ಬರುತ್ತೆ."

ಇಳಿಸಿದ. ಟೇಪಣ್ಣ ಅಪ್ಪಿದ. ನಲವತ್ತನಾಲ್ಕು! ಅಷ್ಟು ಕಂಡ ಹೊಟ್ಟೆ ಇಷ್ಟೇ ಇದೆಯಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು. ಆದರೆ ಕೈ ಸುಳ್ಳು ಹೇಳುತ್ತದೆಯೇ? ಏಳು ಜನರ ಅಂಕಿಗಳನ್ನು ಮಂತ್ರದಂತೆ ಗೊಣಗಿಕೊಳ್ಳುತ್ತ, ದಾರಿಯಲ್ಲಿ ನಮಸ್ಕಾರ ಎಂದವರಿಗೆ "ಮೂವತ್ತೆಂಟು" ಎಂದು ಉತ್ತರ ಕೊಡುತ್ತ ಅಂಗಡಿಗೆ ಓಡಿಬಂದ.

ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿ ಹಿಡಿದ. ಮತ್ತೆ ಅದೇ ನಂಬರು ಬಡಿದುಕೊಂಡಿತು. ಯಾರಾದರೂ ಆಗಿ ಸಾಯಲಿ ಎಂದು ಕಟ್ ಮಾಡಿದ. ಸಂಜೆ ಐದಕ್ಕೆ ಏಳನೇ ಕೋಟಿನ ಬಟ್ಟೆಯೂ ಕತ್ತರಿಯಿಂದ ಇಳಿಯಿತು. ಟೇಪಣ್ಣ ಬೆನ್ನು ನೆಟ್ಟಗೆ ಮಾಡಿ, ಗೆದ್ದೆ ಎಂದು ನಿಟ್ಟುಸಿರು ಬಿಟ್ಟ.

"ರೀ!"

ಬಾಗಿಲಲ್ಲಿ ಹೆಂಡತಿ. ಅವಳ ಹಿಂದೆ ಕನ್ನಡಕ ಏರಿಸಿಕೊಂಡ ಅಕ್ಕ.

"ಬೆಳಿಗ್ಗೆಯಿಂದ ಫೋನ್ ಮಾಡ್ತಿದೀನಿ. ಹೆಂಡ್ತಿ ಅಂದ್ರೆ ಅಷ್ಟು ಸಸಾರವಾ? ಪ್ರತಿ ಸಲ ಕಟ್ ಮಾಡ್ತೀರಲ್ಲ!"

"ನೀನೆಲ್ಲಿ ಮಾಡಿದ್ದೆ? ಅದ್ಯಾವುದೋ ನಂಬರು..."

"ನಿಮ್ಮ ನಂಬರೇ ಕಣ್ರೀ! ಒಂದೇ ಥರದ ಜೋಡಿ ಫೋನ್ ತಗೊಳೋದು ಬೇಡ ಅಂತ ಆವತ್ತೇ ಬಡ್ಕೊಂಡೆ. ಕತ್ತಲಲ್ಲಿ ನಿಮ್ಮದನ್ನ ಎತ್ಕೊಂಡು ಹೋಗಿದೀನಿ."

ಟೇಪಣ್ಣ ಮೆಲ್ಲಗೆ ತಲೆಯೆತ್ತಿದ. ಅಂಗಡಿಯ ಬೋರ್ಡಿನ ಮೇಲೆ, ತಾನೇ ಬರೆಸಿದ ಕೆಂಪು ಅಂಕಿಗಳಲ್ಲಿ, ಬೆಳಿಗ್ಗೆಯಿಂದ ಬಡಿದುಕೊಂಡ ನಂಬರಿತ್ತು.

"ಅಕ್ಕನ ಎದುರು ಆಟ ತೋರಿಸೋಣ ಅಂತ ತೆಗೆದು ಒತ್ತಿದ್ರೆ ಏನು ಬಂತು ಕೇಳಿ!" ಅವಳು ಒತ್ತಿದಳು. ಟೇಪಣ್ಣನದೇ ದನಿ ಅಂಗಡಿ ತುಂಬ ಮೊಳಗಿತು. "ಡೋಲಿನವನು. ಹೊಟ್ಟೆ ನಲವತ್ತೆಂಟು. ಮುಟ್ಟಿದ ಕೂಡ್ಲೇ ಒಳಗೆಳ್ಕೊಳ್ತಾನೆ ಕಳ್ಳ. ಐವತ್ತು ಇಡು."

ಅಳತೆ ಇದೆ! ಟೇಪಣ್ಣ ಕುಣಿಯಲೆಂದು ಒಂದು ಕಾಲು ಎತ್ತಿದ. ಕಾಲು ಮೇಲಿದ್ದಾಗಲೇ ಮೇಜಿನ ಮೇಲೆ ಕಣ್ಣು ಬಿತ್ತು. ನಲವತ್ತನಾಲ್ಕು ಎಂದು ಬರೆದು ಕತ್ತರಿಸಿದ ಬಟ್ಟೆ ಅಲ್ಲಿ ಅಂಗಾತ ಮಲಗಿತ್ತು. ಏಳು ಜನರಲ್ಲಿ ಹೊಟ್ಟೆ ಒಳಗೆಳೆದುಕೊಳ್ಳದವರು ಯಾರು? ಎತ್ತಿದ ಕಾಲು ಹಾಗೇ ಇಳಿಯಿತು.

"ಅದಿರ್ಲಿ, ನನ್ನ ಫೋನ್ ಕೊಡಿ. ಅಕ್ಕ ಕಣ್ಣಾರೆ ನೋಡ್ಬೇಕಂತೆ."

ಜೆರಾಕ್ಸ್ ಸದ್ದಿಲ್ಲದೆ ಒಳಗೆ ಹೋಗಿ ಕಾಗದವಿಲ್ಲದ ಮಷೀನನ್ನು ಓಡಿಸತೊಡಗಿದ. ಹೆಂಡತಿ ಫೋನು ಕಿತ್ತುಕೊಂಡು ಹೆಬ್ಬೆರಳಿನಿಂದ ಆ ಕಡೆ ಸರಿಸಿದಳು, ಈ ಕಡೆ ಸರಿಸಿದಳು.

"ನನ್ನ ಹಣ್ಣೆಲ್ಲಿ?"

"ಅದೂ... ಫ್ಯಾಕ್ಟರಿಯಿಂದ ಬಂದಾಗ ಹೇಗಿತ್ತೋ..."

"ಸಾವಿರದ ನೂರು ಅಂದ್ರೆ ಇದೇನಾ?" ಎಂದಳು ಅಕ್ಕ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ. ಮೂರು ವರ್ಷದ ಗೆಲುವು ಅವಳ ಮುಖಕ್ಕೆ ಮರಳಿ ಬಂದಿತ್ತು.

"ಅಪ್ಪಿಕೋ ಟೇಪಣ್ಣ, ಬೇಗ ಅಪ್ಪಿಕೋ!" ಎಂದು ಎದುರಿನಿಂದ ಮಾಮ ಕೂಗಿದ. ಟೇಪಣ್ಣ ತೋಳು ಚಾಚಿದ. ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದು, ಜೆರಾಕ್ಸನ್ನು ಹೊರಗೆ ಕರೆಸಿ, ಆಟವನ್ನು ಹೊಸದಾಗಿ ಹಾಕಿಸಿ, ಫೋನನ್ನು ಗಂಡನ ಕೈಗಿಟ್ಟಳು. ಪರದೆಯ ಮೇಲೆ ಕಿತ್ತಳೆ ಹಣ್ಣೊಂದು ನಗುತ್ತ, ಹಂತ ಒಂದು ಎಂದು ಕುಣಿಯುತ್ತಿತ್ತು.

"ಆಡಿ. ಸಾವಿರದ ನೂರು ಮುಟ್ಟೋವರೆಗೂ ಮನೆ ಕಡೆ ತಲೆ ಹಾಕ್ಬೇಡಿ."

ಮರುದಿನ ಬೆಳಿಗ್ಗೆ ಡೋಲಿನವನನ್ನು ಮುಂದೆ ಬಿಟ್ಟುಕೊಂಡು ಬ್ಯಾಂಡ್ ಮೇಷ್ಟ್ರು ಅಂಗಡಿಯ ಮೆಟ್ಟಿಲು ಹತ್ತಿದಾಗ, ಟೇಪಣ್ಣ ಹದಿನೇಳನೇ ಹಂತದಲ್ಲಿದ್ದ.