ಅಧ್ಯಕ್ಷರ ಫೋಟೋ

ಹೊಂಬಾಳಮ್ಮ ತೀರಿಕೊಂಡ ಮೇಲೆ ಅವಳ ಗಂಡ ಕಾಡಸಿದ್ದಪ್ಪನಿಗೆ ಗಂಟುಬಿದ್ದ ಮೊದಲ ತೊಂದರೆ ಒಂದು ಫೋಟೋ. ಹೊಂಬಾಳಮ್ಮ ಮಾಯಸಂದ್ರದ ಕಡೆಯ ಒಂದು ಗ್ರಾಮ ಪಂಚಾಯಿತಿಗೆ ಅಧ್ಯಕ್ಷೆಯಾಗಿದ್ದಳು. ಮಧ್ಯಾಹ್ನ ಕಚೇರಿಯಲ್ಲಿ ಸಂತಾಪ ಸಭೆ, ತಾಲ್ಲೂಕಿನಿಂದ ಸಾಹೇಬರು ಬರುತ್ತಾರೆ, ಅಧ್ಯಕ್ಷರದೊಂದು ಫೋಟೋ ಬೇಕು ಎಂದು ಕಾರ್ಯದರ್ಶಿ ಸದಾಶಿವಯ್ಯ ಬೆಳಿಗ್ಗೆಯೇ ಹೇಳಿಕಳಿಸಿದ್ದರು.

ಮನೆಯಲ್ಲಿ ಫೋಟೋಗಳಿಗೇನೂ ಬರವಿರಲಿಲ್ಲ. ಮಹಿಳಾ ಮೀಸಲು ಬಂದಾಗ ಹೆಂಡತಿಯನ್ನು ಚುನಾವಣೆಗೆ ನಿಲ್ಲಿಸಿದವನು ಕಾಡಸಿದ್ದಪ್ಪ. ಗೆದ್ದ ಮೇಲೆ ಕುರ್ಚಿಯಲ್ಲಿ ಕೂತವನೂ ಅವನೇ. ಜನ ಅವನನ್ನೇ ಅಧ್ಯಕ್ಷರೇ ಎಂದು ಕರೆಯುತ್ತಿದ್ದರು. ಹೊಂಬಾಳಮ್ಮ ಮನೆಗೆ ಬಂದ ಕಾಗದಗಳಿಗೆ ಸಹಿ ಹಾಕಿ, ಮತ್ತೆ ಕೊಬ್ಬರಿ ಒಣಗಿಸಲು ಅಂಗಳಕ್ಕೆ ಹೋಗುತ್ತಿದ್ದಳು. ಹೀಗಾಗಿ ಶಾಲೆಯ ಕಾಂಪೌಂಡಿನ ಮುಂದೆ ಕಾಡಸಿದ್ದಪ್ಪ, ಬೋರ್‌ವೆಲ್ ಮುಂದೆ ಕಾಡಸಿದ್ದಪ್ಪ, ಎಲ್ಲ ಕಡೆಯೂ ಮದುವೆ ಗಂಡಿನ ಹಾಗೆ ಅವನೊಬ್ಬನೇ. ಒಂದರಲ್ಲಿ ಮಾತ್ರ ಅವನ ಭುಜದ ಹಿಂದೆ ಹಸಿರು ಬಳೆಯ ಒಂದು ಕೈ ಕಾಣುತ್ತಿತ್ತು. ಅವತ್ತು ಅವಳು, ನಾನೂ ಒಂದು ಸಲ ಮುಂದೆ ನಿಂತುಕೊಳ್ಳಲಾ ಎಂದು ಕೇಳಿದ್ದಳು. ಬಿಸಿಲಿದೆ, ನೆರಳಲ್ಲಿರು ಎಂದಿದ್ದ. ಆ ಕೈಯನ್ನೇ ನೋಡುತ್ತ ಅವನು ಬಹಳ ಹೊತ್ತು ಕೂತುಬಿಟ್ಟ.

ಪಕ್ಕದ ಮನೆಯ ವೀರಭದ್ರಯ್ಯನಿಗೆ ಯಾರ ಕಷ್ಟವನ್ನೂ ದೂರದಿಂದ ನೋಡಿ ಗೊತ್ತಿಲ್ಲ. ಬಂದವನೇ ಪೆಟ್ಟಿಗೆ ತಡಕಿ ಮತದಾರರ ಗುರುತಿನ ಚೀಟಿ ತೆಗೆದ. ಅದರಲ್ಲಿ ಹೊಂಬಾಳಮ್ಮನ ಮುಖ ಕಾವಲಿಯ ಮೇಲೆ ಮರೆತ ರೊಟ್ಟಿಯಂತೆ ಕಪ್ಪಾಗಿತ್ತು. ದೊಡ್ಡದು ಮಾಡಿಸಿದರೆ ಕಣ್ಣು ಮೂಗು ತಾನಾಗಿ ಕಾಣುತ್ತದೆ ಎಂದು ಅವನ ವಾದ. ಇಬ್ಬರೂ ಮೊಪೆಡ್ ಹತ್ತಿ ತುರುವೇಕೆರೆಯ ಸ್ಟುಡಿಯೋಗೆ ಹೋದರು. ಸ್ಟುಡಿಯೋದವನು ಚೀಟಿಯನ್ನು ಬೆಳಕಿಗೆ ಹಿಡಿದು, ಇದು ಗಂಡಸೋ ಹೆಂಗಸೋ ಎಂದು ಕೇಳಿದ. ಕಾಡಸಿದ್ದಪ್ಪ ಚೀಟಿ ಕಿತ್ತುಕೊಂಡು ಹೊರಗೆ ಬಂದ. ವಾಪಸಾಗುವಾಗ ಮೊಪೆಡ್ ಕೆಟ್ಟಿತು. ಇಬ್ಬರೂ ಅದನ್ನು ತಳ್ಳಿಕೊಂಡು ಕಚೇರಿ ಸೇರುವಾಗ ಸಭೆ ಶುರುವಾಗಿತ್ತು.

ಸದಾಶಿವಯ್ಯ ಓಡಿಬಂದು ಕೈ ಹಿಡಿದುಕೊಂಡರು. "ಯೋಚ್ನೆ ಬುಡಿ ಯಜಮಾನ್ರೇ, ಫೋಟೋ ಸಿಕ್ತು. ತರಬೇತಿ ಫೈಲಲ್ಲೇ ಇತ್ತು."

ಮೇಜಿನ ಮೇಲೆ ಹಾರ ಹಾಕಿದ ದೊಡ್ಡ ಫೋಟೋ, ಮುಂದೆ ಊದಿನಕಡ್ಡಿ. ಒಳಗಿಂದ ಧೈರ್ಯವಾಗಿ ನೋಡುತ್ತಿದ್ದವಳು ಹೊಂಬಾಳಮ್ಮನಲ್ಲ, ಕಾಡಸಿದ್ದಪ್ಪನ ಅಕ್ಕ ರೇವಮ್ಮ. ತಿಪಟೂರಿನಲ್ಲಿ ಗಟ್ಟಿಮುಟ್ಟಾಗಿ ಬದುಕಿದ್ದಾಳೆ.

ಹಿಂದಿನ ವರ್ಷ ತಿಪಟೂರಿನಲ್ಲಿ ಅಧ್ಯಕ್ಷೆಯರಿಗೆ ತರಬೇತಿ ನಡೆದಿತ್ತು. ಗಂಡಂದಿರನ್ನು ಒಳಗೆ ಬಿಡುತ್ತಿರಲಿಲ್ಲ. ಹೊಂಬಾಳಮ್ಮ ಮದುವೆಯ ಸೀರೆ ಉಟ್ಟು ಜಗುಲಿಯ ಮೇಲೆ ಕಾದಿದ್ದಳು. ಇವಳಿಗೆ ನಾಲ್ಕು ಜನರೆದುರು ಮಾತು ಹೊರಡುವುದಿಲ್ಲ ಎಂದು ಕಾಡಸಿದ್ದಪ್ಪ ತಾನೇ ತೀರ್ಮಾನಿಸಿ, ಅವಳ ಹೆಸರಿನಲ್ಲಿ ಅಕ್ಕನನ್ನು ಕೂರಿಸಿದ್ದ. ಹೊಂಬಾಳಮ್ಮ ಸೀರೆ ಮಡಿಸಿಟ್ಟಿದ್ದಳು.

ಕಚೇರಿಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಸದಾಶಿವಯ್ಯ ಈಚೆಗೆ ವರ್ಗವಾಗಿ ಬಂದವರು. ಅವಳ ಊರಿನಿಂದ ಬಂದಿದ್ದವರು ಇವರಿಬ್ಬರೇ. ಬೇರೆ ಊರುಗಳ ಸದಸ್ಯರು ಹೊಂಬಾಳಮ್ಮನನ್ನು ಕಂಡಿದ್ದು ಆಯ್ಕೆಯ ದಿನ ಒಮ್ಮೆ, ಅದೂ ತಲೆ ತುಂಬ ಸೆರಗು ಹೊದ್ದು ಕೂತಿದ್ದಾಗ. ಅವಳು ಹೋದದ್ದು ತುಮಕೂರಿನ ಆಸ್ಪತ್ರೆಯಲ್ಲಿ. ಸುದ್ದಿ ತಲುಪಿ ಇವರೆಲ್ಲ ಬರುವಷ್ಟರಲ್ಲಿ ಮಣ್ಣಾಗಿತ್ತು.

ಕಾಡಸಿದ್ದಪ್ಪ ಏಳಲು ಹೋದ. ವೀರಭದ್ರಯ್ಯ ತೊಡೆ ಚಿವುಟಿದ. "ಸುಮ್ಕಿರ್ಲಾ. ಈಗ ಬಾಯ್ಬುಟ್ರೆ ಸತ್ತೋಳ ಹೆಸ್ರಿಗೇ ಮಸಿ ಬಳೀತಾರೆ." ಕಾಡಸಿದ್ದಪ್ಪ ಕೂತ.

ಸಾಹೇಬರು ಎದ್ದು, ಈ ತಾಯಿ ತರಬೇತಿಯಲ್ಲಿ ಕೇಳಿದ ಪ್ರಶ್ನೆಗಳು ಇನ್ನೂ ಕಿವಿಯಲ್ಲಿವೆ, ಇಂಥ ಧೀರೆ ಜಿಲ್ಲೆಯಲ್ಲೇ ಇಲ್ಲ ಎಂದರು. ಸದಸ್ಯ ಆಂಜನಪ್ಪ ಫೋಟೋ ನೋಡಿ ಬಿಕ್ಕಿ ಬಿಕ್ಕಿ ಅತ್ತು, ಆ ಮುಖ ಸಾಯುವವರೆಗೂ ಮರೆಯಲಾರೆ ಎಂದ. ಕಾಡಸಿದ್ದಪ್ಪನೂ ಅತ್ತ. ಎಷ್ಟು ಹುಡುಕಿದರೂ ಅಲ್ಲಿ ಅವನ ಹೆಂಡತಿ ಇರಲಿಲ್ಲ.

ಆಗ ಬಾಗಿಲಲ್ಲಿ ತಿಪಟೂರು ಬಸ್ಸಿಳಿದ ರೇವಮ್ಮ ಕಾಣಿಸಿದಳು.

ಅವಳು ಹಾರ ನೋಡಿದಳು, ಹಾರದೊಳಗೆ ತನ್ನನ್ನೇ ನೋಡಿದಳು, ಕೊನೆಗೆ ತಮ್ಮನನ್ನು ನೋಡಿದಳು. ಅವಳ ಬಾಯಿ ಎಂಥದೆಂದು ಬಲ್ಲ ವೀರಭದ್ರಯ್ಯ ಕಣ್ಣು ಮುಚ್ಚಿಕೊಂಡ. ರೇವಮ್ಮ ಸೆರಗನ್ನು ಮೂಗಿನ ತನಕ ಎಳೆದುಕೊಂಡು ಹಿಂದಿನ ಬೆಂಚಿನಲ್ಲಿ ಕೂತಳು. ತನ್ನದೇ ಆತ್ಮದ ಶಾಂತಿಗೆ ಎಲ್ಲರೊಂದಿಗೆ ಎದ್ದು ನಿಂತು ಮೌನ ಆಚರಿಸಿದಳು.

ಸಭೆ ಮುಗಿದ ಮೇಲೆ ಬಸ್ ನಿಲ್ದಾಣದ ತನಕ ಅಕ್ಕ ತಮ್ಮ ನಡೆದರು. ಬೈಗುಳ ಈಗ ಬಂತು, ಈಗ ಬಂತು ಎಂದು ಕಾಡಸಿದ್ದಪ್ಪ ಕಾದ. ಬೈದಿದ್ದರೆ ಅವನಿಗೂ ಹಗುರಾಗುತ್ತಿತ್ತು. ಬಸ್ಸು ತಿರುವಿನಲ್ಲಿ ಕಾಣಿಸಿದಾಗ ರೇವಮ್ಮ ಸೆರಗು ಸರಿಸಿದಳು. ಕಣ್ಣು ಕೆಂಪಾಗಿದ್ದವು.

"ನನ್ ಸಾವಿಗೆ ಇಷ್ಟೊಂದು ಜನ ಬಂದು ಅತ್ರು ಕಣ್ಲಾ," ಎಂದಳು. "ಹೊಂಬಾಳನ ಸಾವಿಗೆ ಯಾರ್ಲಾ ಬಂದ್ರು?"