ಗುಂಡಿ ಡಬ್ಬಿಯಲ್ಲಿ ಸಿಕ್ಕಿದ ಬಿ.ಪಿ. ಮಾತ್ರೆಯವರಿಗೆ

ಗಾತ್ರದಲ್ಲಿ ಅಲ್ಪರೂ ಗತ್ತಿನಲ್ಲಿ ಅಪಾರರೂ ಆದ ಬಿಳಿ ಮಾತ್ರೆಯವರ ಸನ್ನಿಧಾನಕ್ಕೆ ದರ್ಜಿಯ ಹೆಂಡತಿ ತಲೆಬಾಗಿ ಮಾಡುವ ಬಿನ್ನಹ.

ಮಾನ್ಯರೇ,

ಇವತ್ತು ನನ್ನ ಉಪವಾಸ. ಅಂಗಳ ಗುಡಿಸಿ, ನೀರು ತುಂಬಿಟ್ಟು, ದೇವರಿಗೆ ಕೈ ಮುಗಿದು, ಹೊಲಿಗೆ ಮೆಷೀನಿಗೆ ಎಣ್ಣೆ ಬಿಟ್ಟು, ತಮ್ಮನ್ನು ನಮ್ಮ ಯಜಮಾನರ ಗಂಟಲಿಗೆ ಇಳಿಸಿ, ನಾಲಗೆ ಎತ್ತಿಸಿ ಅಡಿಯಲ್ಲೂ ನೋಡಿ, ಆಮೇಲೆ ಈ ಕಾಗದಕ್ಕೆ ಕೂತಿದ್ದೇನೆ. ಹಸಿದವಳು ಬರೆದದ್ದು, ಮಾತು ಅಲ್ಲಲ್ಲಿ ಖಾರವಾದರೆ ಹೊಟ್ಟೆಗೆ ಹಾಕಿಕೊಳ್ಳಿ. ತಾವು ಹೇಗೂ ದಿನಾ ಹೊಟ್ಟೆಗೆ ಹೋಗುವವರೇ.

ನಮ್ಮ ಯಜಮಾನರ ಕಿಡ್ನಿಯ ಜರಡಿ ಸಡಿಲವಾಗಿದೆ, ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರುತ್ತಿದೆ ಎಂದು ಡಾಕ್ಟರಮ್ಮ ಹೇಳಿದಾಗ, ಮೊದಲು ಮನೆಗೆ ಬಂದವರು ತಾವಲ್ಲ, ತಮ್ಮ ಅಣ್ಣನವರಂತಿದ್ದ ಇನ್ನೊಂದು ಮಾತ್ರೆಯವರು. ಆ ಮಹಾಶಯರು ಬಂದದ್ದೇ ಯಜಮಾನರಿಗೆ ಒಣಕೆಮ್ಮು ಹಿಡಿಯಿತು. ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡು ಗಿರಾಕಿಯ ತೋಳು ಸರಿ ಮಾಡುವ ಮನುಷ್ಯನಿಗೆ ಕೆಮ್ಮು ಬಂದರೆ ಗಿರಾಕಿಯ ಗತಿ ಏನು ಎಂಬುದನ್ನು ತಾವೇ ಊಹಿಸಿಕೊಳ್ಳಬೇಕು. ಒಬ್ಬರು ಅರ್ಧ ಅಂಗಿಯಲ್ಲೇ ಬೀದಿಗೆ ಓಡಿದರು. ಆಮೇಲೆ ಡಾಕ್ಟರಮ್ಮ ಅಣ್ಣನವರನ್ನು ಬಿಡಿಸಿ ತಮ್ಮನ್ನು ಕಳಿಸಿದರು. ತಾವು ಕೆಮ್ಮಿಸಲಿಲ್ಲ, ಸದ್ದು ಮಾಡಲಿಲ್ಲ, ಇದ್ದೀರೆಂಬುದೇ ಗೊತ್ತಾಗದ ಹಾಗೆ ಇದ್ದಿರಿ. ಅಷ್ಟು ಒಳ್ಳೆಯವರಾದದ್ದೇ ತಾವು ಮಾಡಿದ ತಪ್ಪು.

ಯಾಕೆಂದರೆ ಬಿ.ಪಿ. ಇಳಿಯಿತು. ಯಜಮಾನರು ತೋಳಿಗೆ ಪಟ್ಟಿ ಸುತ್ತಿ, ಅಂಕಿ ನೋಡಿ, ಟೇಪನ್ನು ಕೊರಳಿಗೆ ಹಾಕಿಕೊಂಡು ತೀರ್ಪು ಕೊಟ್ಟರು: "ಅಳತೆ ಸರಿಯಾಗಿ ಬಂತಲ್ಲೇ, ಇನ್ನೂ ಕತ್ತರಿ ಆಡಿಸ್ತಾ ಇದ್ರೆ ಬಟ್ಟೆ ಉಳಿಯುತ್ತಾ?" ನಾನು ತಮಾಷೆ ಅಂದುಕೊಂಡೆ. ದಿನಾ ಮಾತ್ರೆಯ ಹಾಳೆಯಲ್ಲಿ ಒಂದೊಂದು ಮನೆ ಖಾಲಿಯಾಗುತ್ತಿತ್ತು, ನಾನೂ ನೆಮ್ಮದಿಯಾಗಿದ್ದೆ. ಒಂದು ಮಧ್ಯಾಹ್ನ ಗಿರಾಕಿಯ ಬಿಳಿ ಅಂಗಿಗೆ ಗುಂಡಿ ಹಚ್ಚಲು ಕೂತವಳು ಡಬ್ಬಿಗೆ ಕೈ ಹಾಕಿ, ಕನ್ನಡಕವಿಲ್ಲದೆ ಸೂಜಿ ಚುಚ್ಚಿದೆ. ತೂತೇ ಇಲ್ಲ. ತಿರುಗಿಸಿ ಚುಚ್ಚಿದೆ. ಪುಡಿಯಾಯಿತು. ಡಬ್ಬಿ ಬಗ್ಗಿಸಿದರೆ ಗುಂಡಿಗಳ ನಡುವೆ ತಾವು ಸಂಸಾರ ಸಮೇತ ಬಿಡಾರ ಹೂಡಿದ್ದೀರಿ! ಎಸೆಯೋದಕ್ಕಾದರೂ ಏನಾಗಿತ್ತು ರೀ ಎಂದು ಕೇಳಿದರೆ, ತುಂಡು ದಾರವನ್ನೂ ಎಸೆಯದ ನಮ್ಮ ಯಜಮಾನರು, "ಯಾವತ್ತಾದ್ರೂ ಬೇಕಾದೀತು ಅಂತ ಇಟ್ಟೆ ಕಣೇ" ಅಂದರು.

ಅವತ್ತು ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಕೊನೆಗೆ, "ಅಂಗಿ ಮೈಗೆ ಸರಿಯಾಗಿ ಕೂತಿದೆ ಅಂತ ಹೊಲಿಗೆ ಬಿಚ್ಚಿಬಿಡ್ತೀರಾ? ಕೂತಿರೋದೇ ಆ ಹೊಲಿಗೆಯಿಂದ!" ಎಂದೆ. ಅವರು ಮೆಷೀನು ತುಳಿಯುತ್ತ ಕೂತರು. ನೋಡಿದರೆ ಸೂಜಿಯಲ್ಲಿ ದಾರವೇ ಇರಲಿಲ್ಲ. ಮರುದಿನ ಪರೀಕ್ಷೆ ಮಾಡಿಸಿದಾಗ ಪ್ರೋಟೀನು ಸೋರುವುದು ಮತ್ತೆ ಏರಿತ್ತು. ಡಾಕ್ಟರಮ್ಮ ಬೈಯಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. "ಬಿ.ಪಿ. ಇಳಿಸೋದು ಇದರ ಒಂದು ಕೆಲಸ ಅಷ್ಟೇ. ಕಿಡ್ನಿ ಕಾಯೋದೂ ಇದೇ. ನನ್ನನ್ನು ಕೇಳದೆ ನಿಲ್ಲಿಸಬೇಡಿ" ಎಂದರು. ಹೊರಗೆ ಬರುವಾಗ ಗಾಜಿನಾಚೆ ಡಯಾಲಿಸಿಸ್ ಕೋಣೆ ಕಂಡಿತು. ನಮ್ಮವರಷ್ಟೇ ವಯಸ್ಸಿನ ಒಬ್ಬರು ಕೈಗೆ ಕೊಳವೆ ಸಿಕ್ಕಿಸಿಕೊಂಡು ಮಲಗಿದ್ದರು. ಯಜಮಾನರು ನಿಂತು ನೋಡಿ, ಆ ಮನುಷ್ಯನ ಅಂಗಿಯ ಕಾಲರು ಸೊಟ್ಟಗಿದೆ ಎಂದರು. ಅವರು ಹೆದರಿದಾಗ ಹಾಗೇ ಮಾತಾಡುವುದು.

ಆದ್ದರಿಂದ ಮಹಾಸ್ವಾಮಿ, ತಾವು ಮೊದಲು ಈ ಬಿ.ಪಿ. ಎಂಬ ಸುಳ್ಳು ಹೆಸರನ್ನು ಬಿಡಬೇಕು. ಕಿಡ್ನಿಯ ಕಾವಲು ಕಾಯುವವರು ಪಕ್ಕದ ಬೀದಿಯ ವಿಳಾಸ ಕೊಟ್ಟುಕೊಂಡು ತಿರುಗುವುದು ಮರ್ಯಾದಸ್ಥರ ಲಕ್ಷಣವಲ್ಲ. ಕ್ಯಾಲ್ಸಿಯಂ ಮಾತ್ರೆಯವರ ಹಾಗೆ ಗಂಟಲಲ್ಲಿ ಅಡ್ಡ ನಿಲ್ಲುವಷ್ಟು ದಪ್ಪಗಾಗಬೇಕು. ಅವರನ್ನು ಯಜಮಾನರು ಎರಡು ಲೋಟ ನೀರು ಕುಡಿದು ಭಕ್ತಿಯಿಂದ ನುಂಗುತ್ತಾರೆ. ನುಂಗದೆ ಬಚ್ಚಿಟ್ಟ ದಿನ ಡಬ್ಬಿಯೊಳಗಿಂದ ನನ್ನನ್ನು ಹೆಸರು ಹಿಡಿದು ಕೂಗಬೇಕು. ಇನ್ನೊಂದು: ನಾನು ಊಟ ಬಿಟ್ಟ ದಿನ, "ನೀನು ಊಟ ಬಿಡು, ನಾನು ಮಾತ್ರೆ ಬಿಡ್ತೀನಿ, ದೇವರು ಇಬ್ಬರನ್ನೂ ಮೆಚ್ಚಲಿ" ಎಂದು ಇವರು ಹೊಸ ಶಾಸ್ತ್ರ ತೆಗೆದಿದ್ದಾರೆ, ಅಂಥ ಉಪವಾಸ ತನಗೆ ಬೇಡವೆಂದು ದೇವರ ಕೈಯಲ್ಲೇ ಎರಡು ಸಾಲು ಬರೆಸಿಕೊಡಬೇಕು. ನಾನು ಕೇಳಿದರೆ ಆತ ಮಾತಾಡುವುದಿಲ್ಲ. ತಮ್ಮ ಹಾಗೆ ಆತನೂ ಸದ್ದಿಲ್ಲದೆ ಕೆಲಸ ಮಾಡುವವನು.

ಇಷ್ಟಾಗಿಯೂ ಬೇರೆ ಮಾತ್ರೆಯವರ ಮನೆಬಾಗಿಲು ತಟ್ಟದ,

ತಮ್ಮ ವಿಶ್ವಾಸಿ,
ದಿನಾ ಬೆಳಿಗ್ಗೆ ಗಂಡನ ಬಾಯಿ ತೆರೆಸಿ ನೋಡುವವಳು

ತಾ.ಕ.: ತಮ್ಮನ್ನು ಮತ್ತೆ ಶುರು ಮಾಡಿದ ಮೇಲೆ ಕೊಟ್ಟ ಮೂತ್ರದ ಪರೀಕ್ಷೆಯ ವರದಿ ನಾಳೆ ಬರುತ್ತದೆ. ಅದೇ ತಮ್ಮ ಉತ್ತರವೆಂದು ತಿಳಿಯುತ್ತೇನೆ. ಉತ್ತರ ಒಳ್ಳೆಯದಿರಲಿ ಎಂದೇ ಇವತ್ತಿನ ಈ ಉಪವಾಸ. ಆದರೆ ಯಜಮಾನರೇ ಹೋಗಿ ತರುತ್ತಾರಂತೆ, ಈಗಲೇ ಚಪ್ಪಲಿ ಒರೆಸಿ ಇಟ್ಟಿದ್ದಾರೆ. ಕೆಟ್ಟದಾಗಿದ್ದರೆ ಬಾಯಿ ಬಿಡುವವರಲ್ಲ. ಒಳ್ಳೆಯದಿದ್ದರಂತೂ ಮನೆ ಸೇರುವುದರೊಳಗೆ ತಮ್ಮನ್ನು ಕೆಲಸದಿಂದ ತೆಗೆದಿರುತ್ತಾರೆ. ಆದ್ದರಿಂದ ಇದನ್ನು ಓದುತ್ತಿರುವವರಲ್ಲಿ ಯಾರಾದರೂ ನಾಳೆ ಆಸ್ಪತ್ರೆಯ ಕಡೆ ಹೋಗುವವರಿದ್ದರೆ, ದಯವಿಟ್ಟು ಅವರಿಗಿಂತ ಮೊದಲು ಹೋಗಿ ನನ್ನ ಉತ್ತರ ತಂದುಕೊಡಿ. ನನ್ನ ಕೈಗೇ ಕೊಡಿ.